ಬಲಗೈಯ ಮೇಲಿನ ಆಪಾದನೆಯೂ ಸೌತೆಕಾಯಿಯ ಸಾಕ್ಷ್ಯವೂ

ನಮ್ಮ ಕಡೆ ಉಪ್ಪಿನಕಾಯಿ ಕೆಟ್ಟರೆ ಅದು ಕಾಯಿಯ ತಪ್ಪಲ್ಲ, ಉಪ್ಪಿನ ತಪ್ಪೂ ಅಲ್ಲ. ಹಾಕಿದವಳ ಕೈಯ ತಪ್ಪು. ಕೆಲವು ಕೈ ಉಪ್ಪಿನಕಾಯಿಗೆ ಆಗುತ್ತವೆ, ಕೆಲವು ಆಗುವುದಿಲ್ಲ. ಇದಕ್ಕೆ ಕೈಗುಣ ಎನ್ನುತ್ತಾರೆ. ಕೈಗುಣ ಇದ್ದವಳು ಒದ್ದೆ ಸೌಟು ಅದ್ದಿದರೂ ಭರಣಿ ವರ್ಷಗಟ್ಟಲೆ ನಗುನಗುತ್ತ ಇರುತ್ತದೆ. ಇಲ್ಲದವಳು ಗಂಗೆಯಲ್ಲಿ ಮಿಂದು ಬಂದು ಮುಟ್ಟಿದರೂ ಬೂಷ್ಟು ಬರುತ್ತದೆ. ಈ ಶಾಸ್ತ್ರವನ್ನು ಯಾರೂ ಬರೆದಿಟ್ಟಿಲ್ಲ. ಬರೆಯದ ಕಾನೂನಿಗೆ ತಿದ್ದುಪಡಿ ತರುವುದು ಕಷ್ಟ. ತರಬೇಕಾದವಳು ಸೊಸೆಯಾದರೆ ಇನ್ನೂ ಕಷ್ಟ.

ನನ್ನ ಬಲಗೈಯ ಮೇಲೆ ಆಪಾದನೆ ಬಂದದ್ದು ಅರವತ್ತರ ದಶಕದ ಮೊದಲಿಗೆ, ಮದುವೆಯಾದ ಮರುವರ್ಷ. ಯಜಮಾನರು ಅಣೆಕಟ್ಟಿನ ಕೆಲಸಕ್ಕೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಾಗರದ ಪೇಟೆಯೊಳಗೆ ಬಾಡಿಗೆ ಮನೆ. ನಾವಿಬ್ಬರು ಮತ್ತು ಅತ್ತೆ. ಅತ್ತೆ ನಿಟ್ಟೂರು ಕಡೆಯವರು. ಅಲ್ಲಿಂದ ಪ್ರತಿ ಬೇಸಗೆ ಅವರ ಅಣ್ಣನ ಮನೆಯ ಮರದ ಮಾವಿನ ಮಿಡಿ ಬುಟ್ಟಿಯಲ್ಲಿ ಬರುತ್ತಿತ್ತು. ಆ ವರ್ಷ ಅತ್ತೆಗೆ ಜ್ವರ. ಮಿಡಿ ಕಾಯುವುದಿಲ್ಲ, ತೊಟ್ಟು ಕಳಚಿದ ದಿನವೇ ಉಪ್ಪಿಗೆ ಬೀಳಬೇಕು. ಅವರು ಮಲಗಿದಲ್ಲಿಂದಲೇ ಅಪ್ಪಣೆ ಕೊಡುತ್ತ ಹೋದರು, ನಾನು ಉಪ್ಪು ಬೆರೆಸಿದೆ. ಮಳೆಗಾಲ ನಡುವಿಗೆ ಬಂದಾಗ ಅತ್ತೆ ಭರಣಿಯ ಬಟ್ಟೆ ಬಿಚ್ಚಿದರು. ಒಳಗೆ ಬೆಳ್ಳಗೆ, ದಪ್ಪಗೆ, ಮೊಸರಿನ ಕೆನೆಯಂತೆ ಬೂಷ್ಟು.

ಅತ್ತೆ ಬೈಯಲಿಲ್ಲ. ಬೈಯುವುದು ಅವರ ಪದ್ಧತಿಯಲ್ಲ. ಬಟ್ಟೆಯನ್ನು ಮತ್ತೆ ಕಟ್ಟಿ, ನನ್ನ ಮುಖ ನೋಡದೆ, ಹವಾಮಾನದ ವಿಷಯ ಹೇಳುವವರ ಹಾಗೆ ಹೇಳಿದರು:

"ನಿನ್ನ ಕೈ ಉಪ್ಪಿನಕಾಯಿಗೆ ಆಗ್ತಿಲ್ಲೆ ಕೂಸೆ. ಬೇರೆ ಎಲ್ಲದಕ್ಕೂ ಆಗ್ತು."

ಯಜಮಾನರು ನನ್ನ ಪರವಾಗಿ ವಾದಿಸಿದರು ಎಂಬುದನ್ನು ದಾಖಲಿಸುವುದು ನನ್ನ ಕರ್ತವ್ಯ. ಭರಣಿ ಇಟ್ಟ ಮೂಲೆಯಲ್ಲಿ ಹೆಂಚೊಂದು ಒಡೆದಿದೆ, ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ, ಬಟ್ಟೆ ನೆನೆದಿದೆ ಎಂದು ಬೆರಳು ಮಾಡಿ ತೋರಿಸಿದರು. ಅತ್ತೆ ಹೆಂಚಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಆ ಹೆಂಚು ನಾವು ಈ ಮನೆಗೆ ಬಂದಾಗಿನಿಂದ ಸೋರುತ್ತಿದೆ, ತಾನು ಹಾಕಿದ ಭರಣಿಯೂ ಅಲ್ಲೇ ಇತ್ತು, ಅದಕ್ಕೆ ಏನೂ ಆಗಿರಲಿಲ್ಲ ಎಂದರು. ಹೆಂಚಿನ ಸಾಕ್ಷ್ಯ ಅಲ್ಲಿಗೆ ತಿರಸ್ಕೃತವಾಯಿತು. ಯಜಮಾನರು ಮರುಮನವಿ ಹಾಕುವವರಲ್ಲ, ಊಟಕ್ಕೆ ಕುಳಿತರು.

ಕೈ ಆಗದವಳಿಗೆ ಸೆರೆಮನೆ ಇಲ್ಲ. ಅಡುಗೆಯೆಲ್ಲ ನನ್ನದೇ. ಮಜ್ಜಿಗೆ ಕಡೆಯಬಹುದು, ಹಪ್ಪಳ ಒತ್ತಬಹುದು, ತುಳಸಿಗೆ ನೀರು ಹಾಕಬಹುದು. ಉಪ್ಪಿನಕಾಯಿ ಮಾತ್ರ ಮುಟ್ಟುವ ಹಾಗಿಲ್ಲ. ಬಾಳೆಯ ತುದಿಗೆ ಮಿಡಿ ಬಡಿಸುವುದು ಕೂಡ ಅತ್ತೆಯೇ. ನೆಂಟರು ಬಂದಾಗ ಪಲ್ಯ, ಸಾರು, ಅನ್ನ ಎಲ್ಲ ನಾನು ಬಡಿಸಿ ಬಂದ ಮೇಲೆ ಅತ್ತೆ ಪುಟ್ಟ ಭರಣಿ ಹಿಡಿದು ಗಂಭೀರವಾಗಿ ಹೊರಬರುತ್ತಿದ್ದರು. ನೆಂಟರ ಹೆಂಗಸರು ಒಮ್ಮೆ ಭರಣಿಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ. ಸುದ್ದಿ ನಿಟ್ಟೂರಿಗೆ ಹೋಗಿ, ಹೊಸನಗರ ಸುತ್ತಿ, ಬಸ್ಸು ಹತ್ತಿ ತೀರ್ಥಹಳ್ಳಿ ತಲುಪಿತ್ತು.

ತೀರ್ಥಹಳ್ಳಿ ನನ್ನ ತವರು. ನನ್ನ ತಾಯಿಯ ಕೈಗುಣ ಆ ಕಡೆಯಲ್ಲೆಲ್ಲ ಹೆಸರಾದದ್ದು. ಮದುವೆಮನೆಗಳಿಗೆ ಮಿಡಿ ಹಾಕಲು ಅವರನ್ನು ಕರೆದೊಯ್ಯುತ್ತಿದ್ದರು, ಪುರೋಹಿತರನ್ನು ಕರೆಯುವ ಹಾಗೆ. ನಾನು ತವರಿಗೆ ಹೋದಾಗ ಅಮ್ಮ ನನ್ನ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿ, ವೈದ್ಯರು ನೋಡುವಂತೆ ಬೆಳಕಿಗೆ ತಂದು ನೋಡಿದರು. ಅಂಥದ್ದೇನೂ ಕಾಣುವುದಿಲ್ಲ ಎಂದರು. ನನಗೆ ಸಮಾಧಾನವಾಯಿತು. ಆ ಮಧ್ಯಾಹ್ನ ಊಟಕ್ಕೆ ಉಪ್ಪಿನಕಾಯಿ ತೆಗೆಯಲು ಎದ್ದೆ. ಅಮ್ಮ ನನಗಿಂತ ಮೊದಲು ಎದ್ದು ಹೋಗಿ ತಾವೇ ತಂದರು. ಯಾವುದಕ್ಕೂ ಇರಲಿ ಎಂಬ ಎಚ್ಚರಿಕೆ. ಅತ್ತೆಯ ತೀರ್ಪಿಗಿಂತ ಈ ಎಚ್ಚರಿಕೆ ನನಗೆ ಹೆಚ್ಚು ತಾಗಿತು. ಕೆಳಗಿನ ಕೋರ್ಟು ಹೇಳಿದ್ದನ್ನು ಮೇಲಿನ ಕೋರ್ಟು ಬಾಯಿಬಿಡದೆ ಎತ್ತಿಹಿಡಿದಿತ್ತು. ನಾನು ಹೆತ್ತವಳ ಮನೆಯಲ್ಲೂ ಕಟ್ಟಿಕೊಂಡವನ ಮನೆಯಲ್ಲೂ ಉಪ್ಪಿನಕಾಯಿಗೆ ಹೊರಗಿನವಳಾದೆ. ಈ ಕೈಯನ್ನು ಹೇಗಾದರೂ ಆಪಾದನೆಯಿಂದ ಬಿಡಿಸಿಕೊಳ್ಳಬೇಕು ಎಂಬ ಆಸೆ ಆ ದಿನದಿಂದ ಹತ್ತಿತು. ಆದರೆ ಭರಣಿ ಮುಟ್ಟದೆ ಕೈ ಒಳ್ಳೆಯದೆಂದು ತೋರಿಸುವುದು ಹೇಗೆ, ಕೈ ಒಳ್ಳೆಯದೆಂದು ತೋರಿಸದೆ ಭರಣಿ ಮುಟ್ಟುವುದು ಹೇಗೆ? ಈ ಸುತ್ತಿನಲ್ಲಿ ಕೆಲವು ವರ್ಷ ಕಳೆದವು.

ಆಗ ಬಂತು ಫ್ರಿಜ್ಜು.

ಯಜಮಾನರ ಕಚೇರಿಯ ಇಂಜಿನಿಯರರಿಗೆ ಕರಾವಳಿಗೆ ವರ್ಗವಾಯಿತು. ಅವರ ಸಾಮಾನೆಲ್ಲ ಲಾರಿಯಲ್ಲಿ ಹುಲಿಕಲ್ ಘಾಟಿ ಇಳಿದು ಹೋಗಬೇಕು. ಮಳೆ ಹಿಡಿದಾಗಿತ್ತು. ಮಂಚ, ಮೇಜು ಉರುಳಿದರೆ ಉರುಳಲಿ, ಫ್ರಿಜ್ಜನ್ನು ಮಾತ್ರ ಆ ತಿರುವುಗಳಲ್ಲಿ ಕಳಿಸಲು ಅವರಿಗೆ ಧೈರ್ಯ ಬರಲಿಲ್ಲ. ದೀಪಾವಳಿ ಕಳೆದು ರಸ್ತೆ ಒಣಗಿದ ಮೇಲೆ ತರಿಸಿಕೊಳ್ಳುತ್ತೇವೆ, ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿರಲಿ ಎಂದು ಯಜಮಾನರನ್ನು ಕೇಳಿದರು. ಮೇಲಧಿಕಾರಿ ಕೇಳಿದ್ದನ್ನು ಕೇಳುವುದು ಎನ್ನುವುದಿಲ್ಲ. ಒಂದು ಬೆಳಿಗ್ಗೆ ನಾಲ್ಕು ಜನ ಹೊತ್ತುಕೊಂಡು ಬಂದು ನಡುಮನೆಯಲ್ಲಿ ಇಳಿಸಿ ಬೆವರು ಒರೆಸಿಕೊಂಡರು. ಬೆಳ್ಳಗೆ, ದುಂಡು ಭುಜದ, ಹೊಟ್ಟೆ ಮುಂದಿಟ್ಟ ಒಬ್ಬ ಯಜಮಾನನಂತೆ ಅದು ನಿಂತಿತು. ಬಾಗಿಲಿಗೆ ಬಸ್ಸಿನ ಬಾಗಿಲಿನಂಥ ಹಿಡಿ. ಎಳೆದರೆ ಟಕ್ ಎನ್ನುತ್ತಿತ್ತು. ಉಳಿದ ಹೊತ್ತಿನಲ್ಲಿ ಗುಂಯ್ ಎಂದು ತನ್ನಷ್ಟಕ್ಕೆ ತಾನು ಜಪ ಮಾಡುತ್ತಿತ್ತು.

ಅಡುಗೆಮನೆಗೆ ಅದಕ್ಕೆ ಪ್ರವೇಶ ಸಿಗಲಿಲ್ಲ. ಅತ್ತೆಯ ಆಕ್ಷೇಪಣೆ ಶಾಸ್ತ್ರೋಕ್ತವಾಗಿತ್ತು. ನಿನ್ನೆಯದನ್ನು ನಾಳೆಗೆ ಇಡುವುದೇ ಈ ಪೆಟ್ಟಿಗೆಯ ಕಸುಬು. ನಿನ್ನೆಯ ಅನ್ನ ತಂಗಳು. ಅನ್ನ ತಾಗಿದ್ದೆಲ್ಲ ಮುಸುರೆ. ಇಂಜಿನಿಯರರ ಮನೆಯಲ್ಲಿ ಇದರೊಳಗೆ ಏನೇನು ಇತ್ತೋ ಯಾರು ಬಲ್ಲರು. ಆದ್ದರಿಂದ ಅದು ನಡುಮನೆಯಲ್ಲಿ ಅತಿಥಿಯಾಗಿ ಇರಬಹುದು, ಮನೆಯವನಾಗಿ ಅಲ್ಲ. ಒಳಗೆ ನೀರಿನ ಬಾಟಲಿ ಇಡಬಹುದು. ದೇವರ ಹೂವು ಇಡಬಹುದೇ ಎಂದು ಯಜಮಾನರು ಕೇಳಿದರು. ಅತ್ತೆ ಅರ್ಧ ದಿನ ಯೋಚಿಸಿ, ತೊಟ್ಟಿನ ಕಡೆಯಿಂದ ಇಡಬಹುದು ಎಂದರು. ಇದರ ಅರ್ಥ ನಮಗೆ ಇಂದಿಗೂ ಆಗಿಲ್ಲ, ಆದರೆ ಪಾಲಿಸಿದೆವು.

ಇಂಜಿನಿಯರರ ಹೆಂಡತಿ ಮೈಸೂರು ಕಡೆಯವರು. ಪೆಟ್ಟಿಗೆ ಒಪ್ಪಿಸುವ ದಿನ ಅವರೂ ಬಂದು, ಯಾವ ಗುಂಡಿ ತಿರುಗಿಸಬೇಕು, ಹಿಮ ಕಟ್ಟಿದರೆ ಏನು ಮಾಡಬೇಕು ಎಲ್ಲ ಹೇಳಿಕೊಟ್ಟರು. ಕೊನೆಗೆ ಒಂದು ಗಾಜಿನ ಬಾಟಲಿ ತೆರೆದು ನನ್ನ ಅಂಗೈಗೆ ಒಂದು ಬಿಲ್ಲೆ ಹಾಕಿದರು. ಸೌತೆಕಾಯಿ. ತಣ್ಣಗಿತ್ತು, ಹುಳಿಯಿತ್ತು, ಹಿಂದಿನಿಂದ ಸ್ವಲ್ಪ ಸಿಹಿ. ಕಚ್ಚಿದರೆ ಕರುಮ್ ಎಂದಿತು. ನಿನ್ನೆ ಹಾಕಿದ ಉಪ್ಪಿನಕಾಯಿ ಎಂದರು. ನನ್ನ ಕಿವಿಗೆ ಬಿದ್ದದ್ದು ಎರಡೇ ಮಾತು: ನಿನ್ನೆ, ಮತ್ತು ಉಪ್ಪಿನಕಾಯಿ.

ಇದು ಕೆಡುವುದಿಲ್ಲವೇ ಎಂದು ಕೇಳಿದೆ.

"ಫ್ರಿಜ್ಜಿನಲ್ಲಿಟ್ರೆ ಯಾರು ಮಾಡಿದ್ರೂ ಕೆಡಲ್ಲ ಕಣ್ರೀ," ಎಂದರು ಆಕೆ. ಅವರಿಗೆ ನನ್ನ ಮೊಕದ್ದಮೆಯ ವಿಷಯ ಗೊತ್ತಿರಲಿಲ್ಲ. ಯಾರು ಮಾಡಿದರೂ ಎಂದಾಗ ನಾನು ಅವರ ಕೈ ಹಿಡಿದುಕೊಳ್ಳುವುದೊಂದು ಬಾಕಿ.

ವಿಧಾನ ಬಹಳ ಸರಳ. ಎಳೆ ಸೌತೆಕಾಯಿಯನ್ನು ಬಿಲ್ಲೆಯಾಗಿ ಹೆಚ್ಚಿ, ಉಪ್ಪು ಸವರಿ, ನೀರು ಬಿಟ್ಟ ಮೇಲೆ ಬಸಿಯಬೇಕು. ವಿನೆಗರಿಗೆ ನೀರು ಬೆರೆಸಿ, ಉಪ್ಪು, ಸಕ್ಕರೆ, ಸಾಸಿವೆ, ಕಾಳುಮೆಣಸು ಹಾಕಿ ಕುದಿಸಿ ಆರಿಸಬೇಕು. ಬಿಲ್ಲೆಗಳನ್ನು ಬಾಟಲಿಗೆ ತುಂಬಿ, ಈ ನೀರು ಹೊಯ್ದು, ಫ್ರಿಜ್ಜಿನಲ್ಲಿಟ್ಟರೆ ಮುಗಿಯಿತು. ಬೆಳಗಾದರೆ ತಿನ್ನಬಹುದು. ಹೋಗುವಾಗ ಆಕೆ ಉಳಿದ ಅರ್ಧ ಬಾಟಲಿ ವಿನೆಗರನ್ನೂ ಕೊಟ್ಟು ಹೋದರು. ಅತ್ತೆ ಅದರ ಮುಚ್ಚಳ ತೆಗೆದು ದೂರದಿಂದಲೇ ಮೂಸಿ, ಹೆಂಡದ ಅಂಗಡಿಯ ನೆಂಟು ಎಂದು ತೀರ್ಮಾನಿಸಿದರು. ಅದು ಹಿತ್ತಿಲ ಬಾಗಿಲಿನ ತುಕ್ಕು ಹಿಡಿದ ಅಗುಳಿ ತಿಕ್ಕಲು ಹೋಯಿತು. ನಾನು ಲಿಂಬೆಹುಳಿ ಹಿಂಡುವುದೆಂದು ಗೊತ್ತು ಮಾಡಿಕೊಂಡೆ.

ಅನುಮತಿ ಕೇಳಬೇಕಿತ್ತು. ಕೇಳಿದೆ. ಇಲ್ಲಿ ಅತ್ತೆಗೆ ಒಂದು ತಾತ್ವಿಕ ತೊಡಕು ಎದುರಾಯಿತು. ಅವರ ಮಟ್ಟಿಗೆ ಉಪ್ಪಿನಕಾಯಿ ಎಂದರೆ ನೀರಿನ ಮೇಲೆ ಸಾರಿದ ಯುದ್ಧ. ಮಿಡಿಗೆ ಉಪ್ಪು ಹಾಕುವುದು ನೀರು ಹೊರಗೆ ಹಾಕಲು, ಕಲ್ಲು ಹೇರುವುದು ನೀರು ಹೊರಗೆ ಹಾಕಲು, ಬಟ್ಟೆ ಕಟ್ಟುವುದು ಹೊರಗೆ ಹೋದ ನೀರು ಮತ್ತೆ ಒಳಗೆ ಬಾರದಿರಲು. ತಿಂಗಳುಗಟ್ಟಲೆ ಕಾದು ಮಿಡಿ ಸುಕ್ಕುಗಟ್ಟಿದ ಮೇಲೆ ಅದಕ್ಕೆ ಉಪ್ಪಿನಕಾಯಿ ಎಂಬ ಹೆಸರು. ಇಲ್ಲಿ ನೋಡಿದರೆ, ಮೈಯೆಲ್ಲ ನೀರೇ ಆದ ಸೌತೆಕಾಯಿ, ಅದನ್ನು ನೀರಿನಲ್ಲೇ ಮುಳುಗಿಸಿ, ತಂಪಿಗೆ ಇಡುವುದು.

"ನಾಳೆಗೇ ತಿಂಬಲೆ ಬತ್ತು ಅಂದ್ರೆ ಅದು ಉಪ್ಪಿನಕಾಯಿ ಅಲ್ಲ ಕೂಸೆ. ರಾತ್ರಿ ಉಳಿದ ಕೋಸಂಬರಿ," ಎಂದರು.

ಕೋಸಂಬರಿ ಮಾಡಲು ನನ್ನ ಕೈಗೆ ನಿಷೇಧವಿರಲಿಲ್ಲ. ಹೀಗಾಗಿ ಅನುಮತಿ ಸಿಕ್ಕಿತು.

ಸೌತೆಕಾಯಿ ತರುತ್ತಿದ್ದವಳು ಹಿನ್ನೀರಿನ ಆಚೆ ದಡದ ಒಬ್ಬ ಹೆಂಗಸು. ಹೊಳೆಬಾಗಿಲಿನ ಕಡವಿನಲ್ಲಿ ಲಾಂಚು ಹತ್ತಿ ನೀರು ದಾಟಿ, ಬಸ್ಸು ಹಿಡಿದು, ಬುಟ್ಟಿ ಹೊತ್ತು ಸಾಗರದ ಮನೆಮನೆಗೆ ಬರುತ್ತಿದ್ದಳು. ಮುಳುಗಡೆಯಲ್ಲಿ ಅರ್ಧ ಗದ್ದೆ ಕಳಕೊಂಡವಳು. ಉಳಿದರ್ಧದ ಏರಿಯ ಮೇಲೆ ಚಪ್ಪರ ಹಾಕಿ ಮುಳ್ಳುಸೌತೆ ಬೆಳೆಸಿದ್ದಳು. ನಡುಮನೆಯ ಬಾಗಿಲಲ್ಲಿ ಬುಟ್ಟಿ ಇಳಿಸಿದವಳು ಫ್ರಿಜ್ಜಿನ ಸದ್ದು ಕೇಳಿ ಒಂದು ಹೆಜ್ಜೆ ಹಿಂದೆ ಸರಿದಳು.

"ಅದರೊಳಗೆ ಎಂತ ಸಾಕೀರಿ ಅಮ್ಮಾ, ಗುರ್ ಅಂತದೆ?"

ಸೌತೆಕಾಯಿ ಇಡಲಿಕ್ಕೆ ಎಂದೆ. ನನ್ನ ಬುಟ್ಟಿಯಲ್ಲಿ ಅದು ಗುರ್ ಅನ್ನದೆ ಸುಮ್ಮನೆ ಇರ್ತದಲ್ಲ ಎಂದು ಅವಳು ನಗುತ್ತ ಹೋದಳು.

ಹೆಚ್ಚಲು ಕುಳಿತೆ. ಅತ್ತೆ ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ತೋರಿಸಲು ಗೋಡೆಯ ಕಡೆ ಮುಖ ಮಾಡಿ ಹೂಬತ್ತಿ ಹೊಸೆಯುತ್ತಿದ್ದರು. ಆದರೆ ನಮ್ಮ ಕಡೆ ಸೌತೆಕಾಯಿಯ ತೊಟ್ಟಿನ ತುದಿ ಕತ್ತರಿಸಿ, ಆ ತುಂಡಿನಿಂದಲೇ ಕತ್ತರಿಸಿದ ಜಾಗವನ್ನು ತಿಕ್ಕಿ, ಬೆಳ್ಳನೆ ನೊರೆ ತೆಗೆಯುವ ಕ್ರಮ ಉಂಟು. ಕಹಿ ಹೊರಬರುತ್ತದೆ ಎಂದು ನಂಬಿಕೆ. ನಾನು ಎರಡು ಕಾಯಿಗೆ ತಿಕ್ಕಿದೆ, ಮೂರನೆಯದಕ್ಕೆ ಮರೆತೆ. ಅತ್ತೆ ತಿರುಗಿ ನೋಡಲಿಲ್ಲ. ತಿಕ್ಕುವ ಸದ್ದು ನಿಂತದ್ದು ಅವರ ಕಿವಿಗೆ ಗೊತ್ತಾಯಿತು. ಕೈ ಹಿಂದಕ್ಕೆ ಚಾಚಿದರು. ನಾನು ಕಾಯಿ ಕೊಟ್ಟೆ. ತಿಕ್ಕಿ, ನೊರೆ ಒರೆಸಿ, ಮುಖ ತಿರುಗಿಸದೆಯೇ ವಾಪಸು ಕೊಟ್ಟರು. ಮತ್ತೆ ಬತ್ತಿ ಹೊಸೆದರು.

ಬಾಟಲಿ ಫ್ರಿಜ್ಜಿಗೆ ಹೋಯಿತು. ಮರುದಿನ ತೆಗೆದರೆ ಹಸಿರು ಮಾಸದೆ, ನೀರು ತಿಳಿಯಾಗಿ, ಬಿಲ್ಲೆಗಳು ಗಾಜಿಗೆ ಮುಖ ಒತ್ತಿಕೊಂಡು ಕುಳಿತಿದ್ದವು. ಯಜಮಾನರು ಮಜ್ಜಿಗೆ ಅನ್ನಕ್ಕೆ ನೆಂಚಿಕೊಂಡು ತಿಂದರು, ಮತ್ತೆ ಕೇಳಿ ಹಾಕಿಸಿಕೊಂಡರು. ಒಂದು ವಾರ ಕಳೆಯಿತು. ಕೆಡಲಿಲ್ಲ. ಇನ್ನೊಂದು ವಾರ. ಕೆಡಲಿಲ್ಲ. ನಾನು ಅತ್ತೆಯ ಮುಂದೆ ಬಾಟಲಿ ಹಿಡಿದು, ಬೆಳಕಿಗೆ ತಿರುಗಿಸಿ ತೋರಿಸಿದೆ. ಅತ್ತೆ ನೋಡಿದರು. ಅನ್ಯಾಯ ಮಾಡುವವರಲ್ಲ ಅವರು. ಸಾಕ್ಷ್ಯವನ್ನು ಪೂರ್ತಿ ಪರಿಶೀಲಿಸಿದರು. ಆಮೇಲೆ ಹೇಳಿದರು:

"ಇದು ನಿನ್ನ ಕೈ ಅಲ್ಲ, ಪೆಟ್ಟಿಗೆ ಕೈ. ಅದರೊಳಗೆ ಹೆಣ ಇಟ್ರೂ ಕೆಡ್ತಿಲ್ಲೆ."

ವಾದ ಸರಿಯಾಗಿತ್ತು. ಇಂಜಿನಿಯರರ ಹೆಂಡತಿ ಯಾವ ಮಾತಿನಿಂದ ನನ್ನ ಮನಸ್ಸು ಗೆದ್ದಿದ್ದರೋ ಅದೇ ಮಾತು ಈಗ ನನ್ನ ವಿರುದ್ಧ ನಿಂತಿತು. ಯಾರು ಮಾಡಿದರೂ ಕೆಡದ್ದು ನಾನು ಮಾಡಿದಾಗ ಕೆಡಲಿಲ್ಲ ಎಂಬುದರಿಂದ ನನ್ನ ಬಗ್ಗೆ ಏನು ಸಿದ್ಧವಾಗುತ್ತದೆ? ಯಜಮಾನರನ್ನು ಕೇಳಿದೆ. ಅವರು ಬಿಲ್ಲೆ ಅಗಿಯುತ್ತ, ಏನೂ ಸಿದ್ಧವಾಗುವುದಿಲ್ಲ ಎಂದರು. ತರ್ಕ ಬಲ್ಲ ಗಂಡನನ್ನು ಕಟ್ಟಿಕೊಂಡದ್ದಕ್ಕೆ ಇಂಥ ಲಾಭಗಳಿವೆ.

ಆದರೂ ನಾನು ಹಾಕುವುದು ಬಿಡಲಿಲ್ಲ. ಒಂದು ಬಾಟಲಿ ಮುಗಿಯುವ ಮೊದಲು ಇನ್ನೊಂದು. ಬೇರೆ ಉಪ್ಪಿನಕಾಯಿ ಹಾಕುವ ಭಾಗ್ಯ ಇಲ್ಲದವಳಿಗೆ ಅದೇ ಒಂದು ರುಚಿ ಹತ್ತಿತ್ತು. ಶುಂಠಿ ಹಾಕಿ ನೋಡಿದೆ, ಹಸಿಮೆಣಸು ಸೀಳಿ ಹಾಕಿದೆ, ಸಕ್ಕರೆ ಬಿಟ್ಟು ನೋಡಿದೆ. ಅತ್ತೆ ಒಮ್ಮೆಯೂ ತಿನ್ನಲಿಲ್ಲ. ಪೆಟ್ಟಿಗೆಯಿಂದ ಬಂದದ್ದನ್ನು ಅವರು ತಿನ್ನುತ್ತಿರಲಿಲ್ಲ. ಬಾಟಲಿಗಳನ್ನು ಮಾತ್ರ ದಿನಾ ಬಾಗಿಲು ತೆರೆದು ನೋಡುತ್ತಿದ್ದರು. ಬೂಷ್ಟು ಬಂದಿದೆಯೇ ಎಂದು ನೋಡುತ್ತಾರೆ ಎಂದು ನನಗೆ ಆಗ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಭಾದ್ರಪದದಲ್ಲಿ ಒಂದು ಗಾಳಿ ಬೀಸಿತು. ಪೇಟೆಯ ಹೊರಗೆ ದೊಡ್ಡದೊಂದು ಮರ ತಂತಿಯ ಮೇಲೆ ಮಲಗಿತು. ಅದನ್ನು ಎಬ್ಬಿಸಿ ತಂತಿ ಎಳೆಯಲು ಹೋದವರ ಮೇಲೆ ಇನ್ನೊಂದು ಮರ ಬೀಳುವುದರಲ್ಲಿತ್ತು ಎಂದು ಸುದ್ದಿ. ಕರೆಂಟು ಹೋಯಿತು. ನಾಡಿಗೆಲ್ಲ ಬೆಳಕು ಕೊಡುವ ಹೊಳೆ ನಮ್ಮ ಪಕ್ಕದಲ್ಲೇ ಹರಿಯುತ್ತದೆ. ನಾವು ಬುಡ್ಡಿದೀಪ ಹಚ್ಚಿಕೊಂಡೆವು. ಫ್ರಿಜ್ಜಿನ ಜಪ ನಿಂತಿತು. ಅಷ್ಟು ದಿನ ಆ ಸದ್ದು ಇತ್ತೆಂಬುದು ನಿಂತಾಗ ಗೊತ್ತಾಯಿತು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಮರುದಿನ ಬೆಳಿಗ್ಗೆ ಒಲೆ ಹಚ್ಚುವಾಗ. ಪೆಟ್ಟಿಗೆಗೆ ಈಗ ಕೈಗುಣವಿಲ್ಲ. ಅದು ಬರೀ ಕಪಾಟು. ಒಳಗೆ ನಿನ್ನೆಯಷ್ಟೇ ತುಂಬಿಸಿಟ್ಟ ಬಾಟಲಿ ಇದೆ. ಆ ಬಾಟಲಿಯನ್ನು ಇನ್ನು ಕಾಯುವುದು ನನ್ನ ಕೈಯೊಂದೇ. ಉಳಿದರೆ ನಾನು ಗೆದ್ದೆ. ಬೂಷ್ಟು ಬಂದರೆ, ಸರಿ, ಅತ್ತೆ ಹೇಳಿದ್ದು ನಿಜ ಎಂದು ಒಪ್ಪಿಕೊಂಡು ಇನ್ನು ಆ ಮಾತು ಬಿಡುವುದು. ಎರಡರಲ್ಲಿ ಒಂದು ಗೊತ್ತಾಗುತ್ತದಲ್ಲ, ಅಷ್ಟು ಸಾಕಿತ್ತು ನನಗೆ. ಕರೆಂಟು ಬರುವವರೆಗೆ ಬಾಗಿಲು ತೆರೆಯಬಾರದು ಎಂದು ಯಜಮಾನರಿಗೆ ಹೇಳಿದೆ, ಅತ್ತೆಗೂ ಕೇಳುವ ಹಾಗೆ. ಅತ್ತೆಗೆ ವಿಷಯ ಅರ್ಥವಾಯಿತು. ತಲೆ ಅಲ್ಲಾಡಿಸಿದರು. ಎರಡೂ ಪಕ್ಷ ಒಪ್ಪಿದ ಪರೀಕ್ಷೆ ಎಂದು ನಾನು ತಿಳಿದೆ.

ಅದೇ ದಿನ ಮಧ್ಯಾಹ್ನ ನಾನು ಹೊರಗಾದೆ.

ಈಗಿನವರಿಗೆ ಬಿಡಿಸಿ ಹೇಳಬೇಕಾದೀತು. ತಿಂಗಳ ಮೂರು ದಿನ ನಾವು ಹಿತ್ತಿಲ ಕಡೆಯ ಜಗಲಿಯಲ್ಲಿ, ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು ಇಟ್ಟುಕೊಂಡು ಕೂರುವುದು. ಒಳಗೆ ಬರುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ. ಉಪ್ಪಿನಕಾಯಿಯ ಭರಣಿ ಇರುವ ಕಡೆ ನೆರಳೂ ಬೀಳಬಾರದು. ಆ ಮೂರು ದಿನ ಎಲ್ಲ ಹೆಂಗಸರ ಕೈಯೂ ಕೈ ಆಗದ ಕೈಯೇ. ಆ ಮಟ್ಟಿಗೆ ನನಗೆ ಸಮಾನತೆ ಸಿಗುತ್ತಿತ್ತು. ಜಗಲಿಯಿಂದ ನಡುಮನೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ನಾನು ಹಳೆಯ ಸೀರೆಯ ಅಂಚು ಹೊಲಿಯುತ್ತ, ಕಿವಿ ಆ ಕಡೆಗೆ ಇಟ್ಟು ಕುಳಿತೆ.

ಮೊದಲ ದಿನ ಏನೂ ಇಲ್ಲ. ಮರುದಿನ ಊಟವಾದ ಮೇಲೆ, ಯಜಮಾನರು ಕಚೇರಿಯಲ್ಲಿದ್ದ ಹೊತ್ತು, ಟಕ್ ಎಂದಿತು. ಫ್ರಿಜ್ಜಿನ ಹಿಡಿ. ಬಹಳ ಹೊತ್ತು ಬಾಗಿಲು ಮುಚ್ಚಿದ ಸದ್ದಿಲ್ಲ. ಆಮೇಲೆ ಅತ್ತೆಯ ಕಾಲಸಪ್ಪಳ ಅಡುಗೆಮನೆಗೆ ಹೋಯಿತು. ಒಲೆಗೆ ಊದುಗೊಳವೆಯಲ್ಲಿ ಊದಿದ್ದು ಕೇಳಿತು. ಪಾತ್ರೆ ಇಟ್ಟದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅರೆಯುವ ಕಲ್ಲು ಗುಡುಗುಟ್ಟತೊಡಗಿತು, ಸಾಸಿವೆಯ ಘಾಟು ಗೋಡೆ ಸುತ್ತಿ ಜಗಲಿಗೆ ಬಂದು ನನ್ನ ಕಣ್ಣಿಗೆ ಹೊಡೆಯಿತು.

ಉಪ್ಪಿನಕಾಯಿ ಕೆಡುವ ಲಕ್ಷಣ ಕಂಡರೆ ನಮ್ಮ ಕಡೆಯವರು ಮಾಡುವ ಚಿಕಿತ್ಸೆ ಒಂದೇ. ಉಪ್ಪುನೀರು ಬಸಿದು, ಕುದಿಸಿ, ಆರಿಸಿ, ಸಾಸಿವೆ ಅರೆದು ಕಲಸಿ, ಮತ್ತೆ ಕಾಯಿಯ ಮೇಲೆ ಹೊಯ್ಯುವುದು. ಅತ್ತೆ ನನ್ನ ಬಾಟಲಿಗೆ ಚಿಕಿತ್ಸೆ ಮಾಡುತ್ತಿದ್ದರು.

ನಾನು ಜಗಲಿಯ ತುದಿಗೆ, ಹೋಗಬಹುದಾದಷ್ಟು ದೂರ ಹೋಗಿ, ಕರೆದೆ. ಅತ್ತೆ ಬಾಗಿಲ ಬಳಿ ಬಂದರು. ಬಲಗೈ ಮಣಿಕಟ್ಟಿನವರೆಗೆ ಸಾಸಿವೆ. ಕಣ್ಣಲ್ಲಿ ಘಾಟಿನ ನೀರು.

"ನೀರು ಬೆಳ್ಳಗೆ ಆಯ್ದು," ಎಂದರು. "ಇವತ್ತು ಬಿಟ್ರೆ ನಾಳೆಗೆ ಇಲ್ಲೆ."

"ಹಾಳಾಗ್ಲಿ ಬಿಡಿ ಅತ್ತೆ. ಅದು ನನ್ನ ಕೈಯದು."

ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಬುದ್ಧಿ ಇಲ್ಲದವರ ಮಾತು ಕೇಳಿದಾಗ ಬರುವ ಆಶ್ಚರ್ಯ ಇತ್ತು.

"ಕೈ ನಿಂದಾದ್ರೆಂತ, ಯಂದಾದ್ರೆಂತ. ಉಪ್ಪಿನಕಾಯಿಗೆ ಗೊತ್ತಿದ್ದಾ ಅದು?"

ಹೇಳಿ ಒಳಗೆ ಹೋದರು. ಕಲ್ಲು ಮತ್ತೆ ಗುಡುಗುಟ್ಟಿತು.

ನಾನು ಚಾಪೆಗೆ ಬಂದು ಕುಳಿತೆ. ಸೀರೆಯ ಅಂಚು ಮತ್ತೆ ಕೈಗೆತ್ತಿಕೊಂಡೆ. ಇಷ್ಟು ವರ್ಷ ಯಾವ ಶಾಸ್ತ್ರದ ಮೇಲೆ ನನ್ನನ್ನು ಭರಣಿಯಿಂದ ದೂರ ಇಟ್ಟಿದ್ದರೋ ಆ ಶಾಸ್ತ್ರವನ್ನು ಅತ್ತೆ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಮುರಿದು ಹಾಕಿದ್ದರು. ಮುರಿದದ್ದು ಅವರಿಗೆ ಗೊತ್ತಾಗಲೂ ಇಲ್ಲ. ಒಂದು ಉಪ್ಪಿನಕಾಯಿ ಕಣ್ಣೆದುರು ಸಾಯುತ್ತಿತ್ತು; ಅಂಥ ಹೊತ್ತಿನಲ್ಲಿ ಅದು ಯಾರು ಹೆತ್ತ ಮಗು ಎಂದು ಅವರು ಕೇಳುವವರಲ್ಲ. ದಿನಾ ಬಾಗಿಲು ತೆರೆದು ನೋಡುತ್ತಿದ್ದದ್ದೂ ಇದಕ್ಕೇ ಇರಬೇಕು ಎಂದು ಆಗ ಅನ್ನಿಸಿತು. ಆದರೆ ನನ್ನ ಪರೀಕ್ಷೆ ಮಣ್ಣು ಪಾಲಾಯಿತು. ನೀರು ಬೆಳ್ಳಗಾದದ್ದು ಕೆಡುವ ಮೊದಲ ಹೆಜ್ಜೆಯೋ, ಹುಳಿ ಬಲಿಯುವ ಹೆಜ್ಜೆಯೋ? ಬಿಟ್ಟಿದ್ದರೆ ಉಳಿಯುತ್ತಿತ್ತೇ? ಇನ್ನು ಯಾರೂ ಹೇಳುವಂತಿರಲಿಲ್ಲ. ನ್ಯಾಯ ಹೇಳಬೇಕಾದವರೇ ಸಾಕ್ಷ್ಯಕ್ಕೆ ಸಾಸಿವೆ ಅರೆದು ಹಾಕಿದ್ದರು.

ಸ್ನಾನ ಮಾಡಿ ಒಳಗೆ ಬಂದ ದಿನ ಕರೆಂಟೂ ಬಂದಿತ್ತು. ಪೆಟ್ಟಿಗೆ ಏನೂ ಆಗದವರಂತೆ ಜಪಕ್ಕೆ ಕುಳಿತಿತ್ತು. ಬಾಟಲಿ ಅದರೊಳಗೆ ಇರಲಿಲ್ಲ. ಅಡುಗೆಮನೆಯಲ್ಲಿ, ಅತ್ತೆಯ ಮಿಡಿಯ ಭರಣಿಗಳ ಸಾಲಿನ ಕೊನೆಗೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕುಳಿತಿತ್ತು. ಊಟದ ಹೊತ್ತಿಗೆ ಅತ್ತೆ ಬಟ್ಟೆ ಬಿಚ್ಚಿ, ಒಣ ಚಮಚದಲ್ಲಿ ತೆಗೆದು, ಮೊದಲ ಬಾರಿಗೆ ತಮ್ಮ ಬಾಳೆಗೂ ಒಂದು ಬಿಲ್ಲೆ ಹಾಕಿಕೊಂಡರು. ಪೆಟ್ಟಿಗೆಯ ಮೈಲಿಗೆಯನ್ನು ಕುದಿಸಿ ಕಳೆದಾಗಿತ್ತಲ್ಲ. ಮೊದಲಿನ ತಿಳಿಹುಳಿ ಹೋಗಿ ಅದಕ್ಕೆ ಒಂದು ಒಗರು ಹುಳಿ, ಸಾಸಿವೆಯ ಏಟು ಬಂದಿತ್ತು. ಕರುಮ್ ಎನ್ನುವುದು ಸ್ವಲ್ಪ ಕಡಿಮೆಯಾಗಿತ್ತು. ಅತ್ತೆ ಅಗಿದರು. ಇನ್ನೊಂದು ಬಿಲ್ಲೆ ಹಾಕಿಕೊಂಡರು.

ದೀಪಾವಳಿ ಕಳೆದು ಲಾರಿ ಬಂತು. ಇಂಜಿನಿಯರರು ಕಳಿಸಿದ ಜವಾನ ಪೆಟ್ಟಿಗೆಗೆ ಹುಲ್ಲು ಸುತ್ತಿ, ಹಗ್ಗ ಬಿಗಿದು, ಹತ್ತಿಸಿದ. ಸೌತೆಕಾಯಿಯ ಕಾಲ ಮುಗಿಯುತ್ತ ಬಂದಿತ್ತು. ಕೊನೆಯ ಬುಟ್ಟಿಯ ಕಾಯಿಗಳಿಂದ ಹಾಕಿದ ಒಂದು ಬಾಟಲಿಯನ್ನು ಅತ್ತೆ ಬಟ್ಟೆಯಲ್ಲಿ ಕಟ್ಟಿ ಜವಾನನ ಕೈಗೆ ಕೊಟ್ಟು, ಅಮ್ಮನವರಿಗೆ ಕೊಡಬೇಕು, ಘಾಟಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಇಳಿಯಬೇಕು ಎಂದರು. ಏನಮ್ಮ ಇದು ಎಂದು ಅವನು ಕೇಳಿದ.

"ಸೌತೆಕಾಯಿ. ಸೊಸೆ ಹಾಕಿದ್ದು," ಎಂದರು ಅತ್ತೆ. ನಾನು ಬಾಗಿಲ ಹಿಂದೆಯೇ ಇದ್ದೆ. ಲಾರಿ ಹೊರಡುವ ಮೊದಲು ಅವನಿಗೆ ಇನ್ನೊಂದು ಮಾತೂ ಹೇಳಿದರು. "ಸಾಸಿವೆ ನಂದು."

ಆ ಮೇಲಿನ ಬೇಸಗೆಯಲ್ಲಿ ನಿಟ್ಟೂರಿನಿಂದ ಮಿಡಿ ಬರುವ ಒಂದು ವಾರ ಮೊದಲು ಅತ್ತೆ ಒಬ್ಬ ಆಳನ್ನು ಕರೆಸಿ, ಅಡುಗೆಮನೆಯ ಮೂಲೆಯ ಒಡೆದ ಹೆಂಚು ತೆಗೆಸಿ ಹೊಸದು ಹಾಕಿಸಿದರು. ಅಷ್ಟು ವರ್ಷ ಸೋರಿದ್ದಕ್ಕೆ ಈಗ ಏಕೆ ಅವಸರ ಎಂದು ಯಾರೂ ಕೇಳಲಿಲ್ಲ. ಮಿಡಿ ಬಂತು. ತೊಟ್ಟು ಕಳಚಿ, ಒರೆಸಿ ರಾಶಿ ಹಾಕಿದ ಮೇಲೆ ಅತ್ತೆ ತಮ್ಮ ಬಲಗೈಯ ಮಣಿಕಟ್ಟು ಒತ್ತಿಕೊಂಡು, ಯಾಕೋ ನೋಯುತ್ತದೆ, ಉಪ್ಪು ನೀನೇ ಬೆರೆಸು ಎಂದರು. ಬೆಳಿಗ್ಗೆ ಅದೇ ಕೈಯಲ್ಲಿ ಬಾವಿಯಿಂದ ನೀರು ಸೇದಿದ್ದನ್ನು ನಾನು ನೋಡಿದ್ದೆ. ಸುಮ್ಮನೆ ಬೆರೆಸಿದೆ. ಭರಣಿಯನ್ನು ಅತ್ತೆ ಅದೇ ಮೂಲೆಯಲ್ಲಿ, ಅದೇ ಜಾಗದಲ್ಲಿ ಇರಿಸಿದರು.

ಮಳೆಗಾಲ ನಡುವಿಗೆ ಬಂದಾಗ ಬಟ್ಟೆ ಬಿಚ್ಚಿದೆವು. ಮಿಡಿ ಸುಕ್ಕುಗಟ್ಟಿ, ಕಂದು ಬಣ್ಣಕ್ಕೆ ತಿರುಗಿ, ಒಂದರ ಮೇಲೊಂದು ಒರಗಿ ಮಲಗಿದ್ದವು. ಬೂಷ್ಟು ಇರಲಿಲ್ಲ. ಅತ್ತೆ ಒಂದನ್ನು ಚೀಪಿ ನೋಡಿದರು.

"ಈ ವರ್ಷ ಮಿಡಿ ಚೊಲೋ ಇತ್ತು," ಎಂದರು.

ನನ್ನ ಕೈಯ ಮೇಲಿನ ಆಪಾದನೆ ಹಿಂದಕ್ಕೆ ಪಡೆದದ್ದಾಗಿ ಯಾರೂ ಎಂದೂ ಹೇಳಲಿಲ್ಲ. ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆ ಪುಟ್ಟ ಭರಣಿಯನ್ನು ನನ್ನ ಕಡೆ ಸರಿಸಿದರು. ಯಜಮಾನರು ತಲೆ ಎತ್ತಿ ಮೂಲೆಯ ಹೊಸ ಹೆಂಚಿನ ಕಡೆ ನೋಡಿದರು, ಆಮೇಲೆ ಅವರ ಅಮ್ಮನ ಕಡೆ. ಬಾಯಿ ತೆರೆದರು. ಅವರು ಏನಾದರೂ ಹೇಳುವ ಮೊದಲು ನಾನು ಅವರ ಬಾಳೆಗೆ ಎರಡು ಮಿಡಿ ಬಡಿಸಿದೆ.